ಆಯ್ತು ಅನ್ನಬಾರದ ಕೋಣೆ

ಮದುವೆಯೇ ಆಗದ ನನ್ನ ಚಿಕ್ಕಮ್ಮನಿಗೆ ಒಂದು ಲಾಂಡ್ರಿ ತುಂಬ ಮಕ್ಕಳಿದ್ದಾರೆ. ಅದಕ್ಕೆ ಕಾರಣ ನಾನು. ಕೆಲಸಕ್ಕೆ ಸೇರಿದ ಮೊದಲ ದಿನ ಯಂತ್ರಗಳ ಗದ್ದಲಕ್ಕೆ ಹೆದರಿ, ಸಂತೆಯಲ್ಲಿ ಕೈ ತಪ್ಪಿದ ಕೂಸಿನ ಹಾಗೆ "ಚಿಕ್ಕಮ್ಮಾ!" ಎಂದು ಕೂಗಿಬಿಟ್ಟೆ. ಅಲ್ಲಿಯವರೆಗೆ ಅವಳನ್ನು ಎಲ್ಲರೂ ಮೇಡಂ ಅನ್ನುತ್ತಿದ್ದರಂತೆ. ಮರುದಿನದಿಂದ ಅವಳು ಇಸ್ತ್ರಿ ಯಂತ್ರದವಳಿಗೂ ಚಿಕ್ಕಮ್ಮ, ಅವಳಿಗಿಂತ ವಯಸ್ಸಿನಲ್ಲಿ ಹಿರಿಯನಾದ ಬಾಯ್ಲರ್ ತಾತನಿಗೂ ಚಿಕ್ಕಮ್ಮ. ನನಗೆ ಮಾತ್ರ ಅವಳು "ಇಲ್ಲಿ ನನ್ನ ಮೇಡಂ ಅನ್ನು" ಎಂದಳು. ರಕ್ತಸಂಬಂಧ ಇದ್ದವನಿಗೆ ಸಿಕ್ಕ ಲಾಭ ಇಷ್ಟು.

ನಮ್ಮದು ಬೀದಿಬದಿಯ ಲಾಂಡ್ರಿ ಅಲ್ಲ. ಆಸ್ಪತ್ರೆಗಳ, ಹೋಟೆಲುಗಳ ಹಾಸಿಗೆ ಬಟ್ಟೆ ಲಾರಿಯಲ್ಲಿ ಬಂದು ಬೀಳುವ ಜಾಗ. ಯಾರದೋ ಜ್ವರ, ಯಾರದೋ ಮಧುಚಂದ್ರ, ಎರಡೂ ನಮ್ಮಲ್ಲಿ ಒಂದೇ ಬಿಳಿಯಾಗಿ ಹೊರಬೀಳುತ್ತವೆ. ಮುಂದೆ ತೊಳೆಯುವ ಹಾಲ್, ಪಕ್ಕದಲ್ಲಿ ಇಸ್ತ್ರಿ ಮತ್ತು ಮಡಿಸುವ ಕೋಣೆ, ಹಿಂದೆ ಕಿಟಕಿಯಿಲ್ಲದ ಒಣಕೋಣೆ. ಒಣಕೋಣೆಯಲ್ಲಿ ಮೂರು ದೊಡ್ಡ ಡ್ರಮ್ಮುಗಳು. ಅವಕ್ಕೆ ಕಂಪನಿ ಕೊಟ್ಟ ನಂಬರುಗಳನ್ನು ಯಾರೂ ಬಳಸುತ್ತಿರಲಿಲ್ಲ. ಕೆಮ್ಮುತ್ತ ಶುರುವಾಗುವುದು ಅಜ್ಜ. ಸದ್ದು ಜಾಸ್ತಿ ಕೆಲಸ ಕಮ್ಮಿ ಮಾಡುವುದು ಮಾವ. ಗೋಡೆಗೆ ಒತ್ತಿಕೊಂಡು ಕೂತಿದ್ದ ಮೂರನೆಯದು ಅತ್ತೆ. ನಿಲ್ಲಿಸಿದ ಮೇಲೂ ಅದು ತುಂಬ ಹೊತ್ತು ಒಳಗೊಳಗೇ ಗೊಣಗುತ್ತಿತ್ತು, ಅದಕ್ಕೇ ಆ ಹೆಸರು.

ನನ್ನ ಕೆಲಸ ಊಟದ ನಂತರದ್ದು. ಡ್ರಮ್ಮಿನ ತೂತುಗಳಲ್ಲಿ ನೂಲು, ಜುಂಗು ಸಿಕ್ಕಿಕೊಳ್ಳುತ್ತವೆ. ತೆಗೆಯದಿದ್ದರೆ ಬಿಸಿಗೆ ಹೊತ್ತಿಕೊಳ್ಳುತ್ತವೆ. ಅವನ್ನು ತೆಗೆಯಲು ಒಬ್ಬ ಮನುಷ್ಯ ಬಾಗಿಲಿನ ದುಂಡನೆಯ ಕಂಡಿಯಲ್ಲಿ ನುಸುಳಿ ಪೂರ್ತಿ ಒಳಗೆ ಹೋಗಬೇಕು. ಸಂದರ್ಶನದಲ್ಲಿ ನಾನು ಪದವಿಯ ಬಗ್ಗೆ ಮಾತಾಡಲು ಸಿದ್ಧನಾಗಿ ಹೋಗಿದ್ದೆ. ಮ್ಯಾನೇಜರ್ ನನ್ನ ಭುಜದಿಂದ ಭುಜಕ್ಕೆ ಒಮ್ಮೆ ಕಣ್ಣಾಡಿಸಿ, "ಹಿಡಿಸ್ತಾನೆ" ಅಂದರು. ಓದು ನನ್ನನ್ನು ಎಲ್ಲಿಗೂ ಒಯ್ಯಲಿಲ್ಲ. ಪೀಚಲು ಮೈ ಒಯ್ಯಿತು.

ಒಣಕೋಣೆಗೆ ಚಿಕ್ಕಮ್ಮನೇ ಮುಖ್ಯಸ್ಥೆ. ಹೊಸಬರಿಗೆ ಕೆಲಸ ಕಲಿಸುವವಳೂ ಅವಳೇ. ಅವಳ ಪಾಠ ಶುರುವಾಗುವುದು ಒಂದು ಬಹಿಷ್ಕಾರದಿಂದ. ಒಣಕೋಣೆಯ ಹೊಸ್ತಿಲು ದಾಟಿದ ಮೇಲೆ ಯಾರೂ "ಆಯ್ತು" ಅನ್ನಬಾರದು.

"ಆಯ್ತು ಮೇಡಂ," ಅಂದೆ ನಾನು.

"ಹೊರಗೆ ಹೋಗು. ಮತ್ತೆ ಒಳಗೆ ಬಾ. ಈ ಸಲ ಬಾಯಿ ಮುಚ್ಕೊಂಡು ಬಾ."

ನಮ್ಮ ನುಡಿಯಲ್ಲಿ ಇದಕ್ಕಿಂತ ಸೋಮಾರಿ ಪದ ಇನ್ನೊಂದಿಲ್ಲ ಎಂಬುದು ಅವಳ ವಾದ. ಮಾಡಿ ಮುಗಿಸಿದವನೂ ಆಯ್ತು ಅನ್ನುತ್ತಾನೆ. ಮಾಡುತ್ತೇನೆ ಎಂದು ಒಪ್ಪಿಕೊಂಡವನೂ ಆಯ್ತು ಅನ್ನುತ್ತಾನೆ. ಮಾಡುವ ಉದ್ದೇಶವೇ ಇಲ್ಲದವನು ಎರಡು ಸಲ ಅನ್ನುತ್ತಾನೆ: ಆಯ್ತಾಯ್ತು. ಇನ್ನು ಕೊನೆಯನ್ನು ಸ್ವಲ್ಪ ಎಳೆದರೆ ಅದೇ ಪ್ರಶ್ನೆಯೂ ಆಗುತ್ತದೆ. ಆಯ್ತಾ? ಆಯ್ತು. ಮನೆಯ ಜಗಲಿಯಲ್ಲಿ ಕೂತು ಕೇಳಿದರೆ ಇವೆರಡರ ನಡುವೆ ದೊಡ್ಡ ಅಂತರವಿದೆ. ಡ್ರಮ್ಮಿನ ಒಳಗಿಂದ, ಪಕ್ಕದಲ್ಲಿ ಎರಡು ಯಂತ್ರ ತಿರುಗುತ್ತಿರುವಾಗ ಕೇಳಿದರೆ, ಆ ಕೊನೆಯ ಅಕ್ಷರ ಕಿವಿಗೆ ತಲುಪುವುದೇ ಇಲ್ಲ.

ಅವಳು ಕೆಲಸ ಕಲಿತ ಹಳೆಯ ಲಾಂಡ್ರಿಯಲ್ಲಿ ಅವಳಿಗೆ ಕಲಿಸಿದವಳನ್ನು ಎಲ್ಲರೂ ಹಿರಿಯಕ್ಕ ಅನ್ನುತ್ತಿದ್ದರು. ಒಂದು ದಿನ ಹಿರಿಯಕ್ಕ ಡ್ರಮ್ಮಿನೊಳಗೆ ಕೈ ಹಾಕುವ ಮುಂಚೆ "ಆಯ್ತಾ?" ಎಂದು ಕೂಗಿದಳು. ಯಂತ್ರ ಆರಿಸಿದ್ದು ಆಯ್ತಾ ಎಂದು. ಗುಂಡಿಯ ಹತ್ತಿರ ನಿಂತಿದ್ದವಳಿಗೆ ಕೇಳಿಸಿದ್ದು "ಆಯ್ತು". ನನ್ನ ಕೆಲಸ ಆಯ್ತು, ಇನ್ನು ಶುರು ಮಾಡು ಎಂದು.

"ಹಿರಿಯಕ್ಕ ಬದುಕಿದಳು. ಕೈ ಬದುಕಲಿಲ್ಲ," ಎಂದಳು ಚಿಕ್ಕಮ್ಮ. "ಗುಂಡಿ ಒತ್ತಿದವಳು ಅವಳ ಸ್ವಂತ ತಂಗಿ. ಇಬ್ಬರೂ ಇವತ್ತಿಗೂ ಮಾತಾಡಲ್ಲ."

ಇಷ್ಟನ್ನು ಅವಳು ಬಟ್ಟೆ ಮಡಿಸುತ್ತ ಹೇಳಿದಳು. ಮಡಿಕೆ ಒಂದಿಷ್ಟೂ ಸೊಟ್ಟಗಾಗಲಿಲ್ಲ.

ಆದ್ದರಿಂದ ನಮ್ಮಲ್ಲಿ ಪ್ರತಿಯೊಂದಕ್ಕೂ ಪೂರ್ತಿ ವಾಕ್ಯ. ಒಳಗೆ ಹೋಗುವವನು ಯಂತ್ರವನ್ನು ಆರಿಸಿ, ಅದರ ಕೀಲಿ ಕಳಚಿ ಜೇಬಿಗೆ ಹಾಕಿಕೊಂಡು, "ಕೀಲಿ ನನ್ನ ಜೇಬಲ್ಲಿದೆ" ಅನ್ನಬೇಕು. ಹೊರಗಿರುವವನು "ಕೀಲಿ ನಿನ್ನ ಜೇಬಲ್ಲಿದೆ, ನಾನು ಕೈ ಕಟ್ಟಿದೀನಿ" ಅಂದು ನಿಜವಾಗಿಯೂ ಕೈ ಕಟ್ಟಿ ನಿಲ್ಲಬೇಕು. ಮೊದಲ ವಾರ ನನಗೆ ಇದು ಶಾಲೆಯ ನಾಟಕದ ಹಾಗೆ ಕಂಡಿತು. ಅದರಲ್ಲೂ ನನಗೆ ಮರದ ಪಾತ್ರ.

ಮನೆಯಲ್ಲೂ ಬಿಡುಗಡೆ ಇರಲಿಲ್ಲ. ಅವಳ ಎರಡು ಕೋಣೆಯ ಮನೆಯಲ್ಲಿ ನಾನು ಬಾಡಿಗೆ ಕೊಡದ ಅತಿಥಿ. "ಸ್ನಾನ ಆಯ್ತಾ?" ಎಂದು ನಾನು ಕೇಳಿದರೆ, "ಸ್ನಾನ ಮಾಡಿ, ಮೈ ಒರೆಸಿ, ಬಟ್ಟೆ ಹಾಕ್ಕೊಂಡು ನಿನ್ನ ಎದುರಿಗೇ ನಿಂತಿದೀನಿ, ಕಣ್ಣಿಲ್ವಾ?" ಎಂದು ಉತ್ತರ. ಅವಳ ಬೆನ್ನ ಹಿಂದೆ ಇಸ್ತ್ರಿಯವಳು ಇದಕ್ಕೊಂದು ಬೇರೆ ಕಾರಣ ಹೇಳುತ್ತಿದ್ದಳು: "ಹುಟ್ಟಿದಾಗಿಂದ ಕಂಡಕಂಡವರೆಲ್ಲ ಮದುವೆ ಆಯ್ತಾ, ಮದುವೆ ಆಯ್ತಾ ಅಂತ ಕೇಳಿದ್ರೆ, ನಾನಾದ್ರೂ ಆ ಮಾತನ್ನ ಊರಾಚೆ ಹಾಕ್ತಿದ್ದೆ."

ನಗು ಅಲ್ಲಿಗೆ ಮುಗಿಯುತ್ತಿತ್ತು. ಒಣಕೋಣೆಯೊಳಗೆ ಯಾರೂ ನಗುತ್ತಿರಲಿಲ್ಲ.

ಇದು ನನಗೆ ತಡವಾಗಿ ಹೊಳೆಯಿತು. ನನ್ನ ಗಮನವೆಲ್ಲ ನನ್ನ ಮೇಲೇ ಇರುತ್ತಿತ್ತು. ಮೊದಲು ನೋಡಿದವಳು ಚಿಕ್ಕಮ್ಮ. ಇಸ್ತ್ರಿಯವಳು ತನ್ನ ಟ್ರಾಲಿ ತಳ್ಳಿಕೊಂಡು ಬಂದರೆ ಅಜ್ಜ, ಮಾವರ ಮುಂದೆ ನೆಟ್ಟಗೆ ಬರುತ್ತಿದ್ದಳು. ಅತ್ತೆಯ ಹತ್ತಿರ ಬಂದಾಗ ಮಾತ್ರ ಕೋಣೆಯ ಆ ಬದಿಯವರೆಗೆ ಸುತ್ತು ಹಾಕಿ ಹೋಗುತ್ತಿದ್ದಳು. ಬಾಯ್ಲರ್ ತಾತ ನಾನು ಅತ್ತೆಯೊಳಗೆ ಹೋಗುವ ಹೊತ್ತಿಗೆ ಹೇಗೋ ಅಲ್ಲಿಗೆ ಬಂದು, ಒಂದು ಮರದ ತುಂಡನ್ನು ಕಾಲಿನಿಂದ ಡ್ರಮ್ಮಿನ ಅಂಚಿಗೆ ತಳ್ಳಿ, ಏನೂ ಮಾಡದವನಂತೆ ಬೀಡಿ ಹುಡುಕುತ್ತ ಹೊರಟುಬಿಡುತ್ತಿದ್ದ. ಇನ್ನು ಎಲೆಕ್ಟ್ರಿಷಿಯನ್. ಅವನಿಗೆ ಎಲ್ಲರೂ ಫ್ಯೂಸಣ್ಣ ಅನ್ನುತ್ತಿದ್ದರು, ಬೇಗ ಸಿಟ್ಟಾಗುತ್ತಿದ್ದ. ನಾನು ಅತ್ತೆಯೊಳಗೆ ಇರುವಷ್ಟು ಹೊತ್ತೂ ಅವನು ಬಾಗಿಲಾಚೆಯ ಮೇನ್ ಬೋರ್ಡಿನ ಪಕ್ಕ ನಿಂತು ನನ್ನನ್ನೇ ನೋಡುತ್ತಿರುತ್ತಿದ್ದ. ನಾನು ಕೆಲಸದಲ್ಲಿ ಚುರುಕು, ಅದಕ್ಕೇ ಮೆಚ್ಚಿ ನೋಡುತ್ತಾನೆ ಅಂದುಕೊಂಡಿದ್ದೆ.

"ಇವರೆಲ್ಲ ಏನೋ ಬಾಯಲ್ಲಿಟ್ಕೊಂಡಿದಾರೆ," ಎಂದಳು ಚಿಕ್ಕಮ್ಮ ಒಂದು ಸಂಜೆ, ಚಪ್ಪಲಿ ಬಿಡುತ್ತ. "ನುಂಗಲ್ಲ, ಉಗುಳಲ್ಲ."

"ಏನು?"

"ಗೊತ್ತಿದ್ರೆ ನಿನ್ನ ಹತ್ರ ಯಾಕೆ ಹೇಳ್ತಿದ್ದೆ? ಅವರ ಕಾಲು ನೋಡು. ಬಾಯಿ ಸುಳ್ಳು ಹೇಳತ್ತೆ. ಕಾಲಿಗೆ ಇನ್ನೂ ಸುಳ್ಳು ಹೇಳೋಕೆ ಬರಲ್ಲ."

ಯಾಕೆ ಹೇಳುತ್ತಿಲ್ಲ ಎಂಬುದಕ್ಕೆ ಮಾತ್ರ ಉತ್ತರ ಹುಡುಕಬೇಕಾಗಿರಲಿಲ್ಲ. ಫ್ಯೂಸಣ್ಣನಿಗಿಂತ ಮುಂಚೆ ಇದ್ದ ಎಲೆಕ್ಟ್ರಿಷಿಯನ್ ಒಮ್ಮೆ ಮ್ಯಾನೇಜರ್ ಎದುರು, "ಬಾಗಿಲು ತೆಗೆದರೆ ಡ್ರಮ್ಮು ನಿಲ್ಲಿಸೋ ಸ್ವಿಚ್ಚು ಕೆಟ್ಟಿದೆ, ಯಂತ್ರ ನಿಲ್ಲಿಸಬೇಕು" ಅಂದಿದ್ದನಂತೆ. "ಕೆಡೋವರೆಗೂ ನೀನೇನು ಮಾಡ್ತಿದ್ದೆ?" ಅಂದರಂತೆ ಅವರು. ಸಂಜೆಯೊಳಗೆ ಅವನ ಜಾಗ ಖಾಲಿ. ಸತ್ಯಕ್ಕೆ ಸಾವಿಲ್ಲ ನಿಜ, ಆದರೆ ನಮ್ಮ ಲಾಂಡ್ರಿಯಲ್ಲಿ ಅದನ್ನು ಹೇಳಿದವನಿಗೆ ಸಂಬಳವೂ ಇರಲಿಲ್ಲ. ಅಂದಿನಿಂದ ಕಣ್ಣಿಗೆ ಕಂಡದ್ದು ಹೊಟ್ಟೆಯಲ್ಲೇ ಉಳಿಯುತ್ತಿತ್ತು.

ಆ ದಿನಗಳಲ್ಲೇ ಮೇಲಿನವರಿಗೆ ನಮಗೆ ತರಬೇತಿ ಕೊಡಿಸಬೇಕು ಅನ್ನಿಸಿತು. ಹೊರಗಿಂದ ಒಬ್ಬ ತರಬೇತುದಾರ ಬಂದ. ಟೈ ಕಟ್ಟಿದ್ದ, ಆದರೆ ಒಳ್ಳೆಯವನು. ಗೋಡೆಯ ಮೇಲೆ ಬಣ್ಣದ ಚಿತ್ರ ಬಿಟ್ಟು, "ಜ್ಞಾನ ದೀಪದ ಹಾಗೆ, ಒಂದರಿಂದ ಇನ್ನೊಂದು ಹಚ್ಚಿದರೆ ಕಡಿಮೆಯಾಗುವುದಿಲ್ಲ" ಅಂದ. ನಿಮ್ಮ ಕೆಲಸದಲ್ಲಿ ನಿಮಗೆ ಮಾತ್ರ ಗೊತ್ತಿರುವ ಒಂದು ವಿಷಯವನ್ನು ಎಲ್ಲರ ಜೊತೆ ಹಂಚಿಕೊಳ್ಳಿ ಅಂದ. ಮೊದಲ ಸಾಲಿನಲ್ಲಿ ಮ್ಯಾನೇಜರ್ ಕಾಲ ಮೇಲೆ ಕಾಲು ಹಾಕಿ ಕೂತಿದ್ದರು.

ಯಾರೂ ಎದ್ದೇಳಲಿಲ್ಲ. ಕೊನೆಗೆ ನಾನೇ ಎದ್ದು, ಜುಂಗು ತೆಗೆಯುವಾಗ ಬ್ರಷ್ಷನ್ನು ಒದ್ದೆ ಮಾಡಿಕೊಂಡರೆ ಸುಲಭ ಎಂದು ಲೋಕಕ್ಕೆ ಸಾರಿದೆ. ತರಬೇತುದಾರ ಚಪ್ಪಾಳೆ ತಟ್ಟಿದ. ಅವನೊಬ್ಬನೇ.

"ಎಲ್ಲರಿಗೂ ಅರ್ಥ ಆಯ್ತಾ?" ಎಂದು ಕೊನೆಯಲ್ಲಿ ಕೇಳಿದ.

"ಆಯ್ತು!" ಎಂದಿತು ಇಡೀ ಹಾಲ್, ಒಂದೇ ಬಾಯಲ್ಲಿ.

ನಾನು ತಿರುಗಿ ಚಿಕ್ಕಮ್ಮನನ್ನು ನೋಡಿದೆ. ಅವಳೊಬ್ಬಳ ತುಟಿ ಅಲುಗಿರಲಿಲ್ಲ. ಅವಳು ಅಷ್ಟು ಹೆದರಿದ್ದನ್ನು ನಾನು ಅದಕ್ಕಿಂತ ಮೊದಲು ನೋಡಿರಲಿಲ್ಲ.

ಮರುದಿನ ಊಟದ ಹೊತ್ತಿಗೆ ಅವಳು ಎಲ್ಲರನ್ನೂ ಮಡಿಸುವ ಕೋಣೆಗೆ ಕರೆದಳು. ಬಾಗಿಲು ಹಾಕಿಸಿದಳು. ಮ್ಯಾನೇಜರ್ ಊಟಕ್ಕೆ ಮನೆಗೆ ಹೋಗಿದ್ದರು. ಬಟ್ಟೆಯ ಗಂಟುಗಳ ಮೇಲೆ ಅಲ್ಲಲ್ಲಿ ಕೂತು ಡಬ್ಬಿ ಬಿಚ್ಚಿದವರು ಇವಳು ಬೈಯುತ್ತಾಳೆ ಅಂದುಕೊಂಡು ತುತ್ತು ನಿಲ್ಲಿಸಿ ಕಾದರು.

"ತಿನ್ನಿ ತಿನ್ನಿ. ನಾನು ಹೇಳೋದು ತಿನ್ನುತ್ತಾ ಕೇಳೋವಂಥದೇ," ಎಂದಳು. "ನನಗೆ ಎಡಗಿವಿ ಪೂರ್ತಿ ಹೋಗಿದೆ. ಬಲಗಿವಿ ಅರ್ಧ. ಇಲ್ಲಿ ಯಂತ್ರ ಓಡ್ತಿರೋವಾಗ ನೀವು ಮಾತಾಡೋದು ನನಗೆ ಕೇಳಲ್ಲ, ತುಟಿ ನೋಡಿ ತಿಳ್ಕೋತೀನಿ. ವರ್ಷಕ್ಕೊಂದು ಸಲ ಡಾಕ್ಟ್ರು ಕಿವಿ ಪರೀಕ್ಷೆ ಮಾಡೋಕೆ ಬರ್ತಾರಲ್ಲ, ಅವರು ಗುಂಡಿ ಒತ್ತುವಾಗ ಹುಬ್ಬು ಏರಿಸ್ತಾರೆ. ಹುಬ್ಬು ಏರಿದಾಗಲೆಲ್ಲ ನಾನು ಕೈ ಎತ್ತುತೀನಿ. ಪಾಸು."

ಯಾರೂ ನಗಲಿಲ್ಲ. ಕಿವಿ ಕೇಳದವಳನ್ನು ಒಣಕೋಣೆಯ ಮುಖ್ಯಸ್ಥೆಯಾಗಿ ಒಂದು ದಿನವೂ ಇಟ್ಟುಕೊಳ್ಳುವುದಿಲ್ಲ ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

"ಯಾಕೆ ಹೇಳಿದೆ ಅಂದ್ರೆ, ಈಗ ನನ್ನ ಜುಟ್ಟು ನಿಮ್ಮ ಕೈಲಿದೆ. ಯಾರು ಬೇಕಾದ್ರೂ ಹೋಗಿ ಮೇಲೆ ಹೇಳಬಹುದು. ಇನ್ನು ನಿಮ್ಮದು. ನನ್ನ ಕೋಣೇಲಿ ಏನೋ ಇದೆ, ನೀವು ಹೇಳ್ತಿಲ್ಲ. ಅದು ಏನೇ ಇರಲಿ, ಯಾರೇ ಹೇಳಲಿ, ಹೆಸರು ನನ್ನ ಬಾಯಿಂದ ಹೊರಗೆ ಬರಲ್ಲ." ಆಮೇಲೆ ನನ್ನ ಕಡೆ ಕೈ ತೋರಿಸಿದಳು. "ದಿನಾ ಒಳಗೆ ಹೋಗೋದು ಇದು. ನನ್ನ ಅಕ್ಕನ ಮಗ. ಪೆದ್ದ, ಆದ್ರೂ ಒಬ್ಬನೇ ಇರೋದು."

ಊಟದ ಸಮಯ ಮುಗಿಯಿತು. ಡಬ್ಬಿಗಳನ್ನು ಮುಚ್ಚುವ ಸದ್ದು ಮಾತ್ರ.

ಆ ಮಧ್ಯಾಹ್ನ ನಾನು ಅತ್ತೆಯೊಳಗೆ ಹೋದಾಗ, ಮೊದಲ ಬಾರಿಗೆ, ಒಳಗಿನ ಕತ್ತಲೆಯನ್ನು ಗಮನಿಸಿದೆ. ಸಾವಿರ ತೂತುಗಳಿಂದ ಬೆಳಕು ಬರುತ್ತಿತ್ತು, ಆದರೂ ಕತ್ತಲೆ. ಲೋಹ ತಣ್ಣಗಾಗುತ್ತ ಟಿಕ್ ಟಿಕ್ ಅನ್ನುತ್ತಿತ್ತು. ಜೇಬಿನ ಕೀಲಿಯನ್ನು ಮುಟ್ಟಿ ನೋಡಿಕೊಂಡೆ. ಹುಡುಗಿ ಕೊಟ್ಟ ಉಂಗುರವನ್ನೂ ಯಾರೂ ಹಾಗೆ ಮುಟ್ಟಿ ನೋಡಿಕೊಂಡಿರಲಾರರು. ನನಗಂತೂ ಯಾವ ಹುಡುಗಿಯೂ ಉಂಗುರ ಕೊಟ್ಟಿಲ್ಲ, ಹೋಲಿಸಲು ಆಗದು.

ದಿನಗಳು ಕಳೆದವು. ಚಿಕ್ಕಮ್ಮನ ಕಿವಿಯ ವಿಷಯ ಮ್ಯಾನೇಜರ್ ಕಿವಿಗೆ ಹೋಗಲಿಲ್ಲ. ಪ್ರತಿ ಬೆಳಿಗ್ಗೆ ಅವಳು ಬಂದು ತನ್ನ ಕುರ್ಚಿ ಅಲ್ಲೇ ಇದೆಯೋ ಎಂದು ನೋಡುವಳು. ಅದು ಅಲ್ಲೇ ಇರುತ್ತಿತ್ತು. ಬರಬರುತ್ತ ಜನ ಅವಳೊಡನೆ ಮಾತಾಡುವಾಗ ಬಲಗಡೆಗೆ ಬಂದು ನಿಲ್ಲತೊಡಗಿದರು. ಯಾರೂ ಯಾರಿಗೂ ಹಾಗೆ ಮಾಡಿ ಅಂದಿರಲಿಲ್ಲ.

ಮೊದಲು ಬಂದವಳು ಇಸ್ತ್ರಿಯವಳು. ಬಲಗಿವಿಯ ಹತ್ತಿರ ಬಗ್ಗಿ ಹೇಳಿದಳು: "ಚಿಕ್ಕಮ್ಮ, ಒಂದಿನ ನನ್ನ ಟ್ರಾಲಿ ಅತ್ತೆಯನ್ನ ಶುರು ಮಾಡೋ ಗುಂಡಿಪೆಟ್ಟಿಗೆಗೆ ಬಡೀತು. ಬಾಗಿಲು ತೆಗೆದೇ ಇತ್ತು. ಆದ್ರೂ ಡ್ರಮ್ಮು ಅರ್ಧ ಸುತ್ತು ತಿರುಗಿ ನಿಂತ್ಕೊಳ್ತು. ನಾನು ಬಡಿದಿದ್ದಕ್ಕೇ ಕೆಟ್ಟಿತು ಅಂತ ನನ್ನ ತಲೆಗೆ ಕಟ್ತಾರೆ ಅಂತ..."

ಆಮೇಲೆ ಬಾಯ್ಲರ್ ತಾತ. ಡ್ರಮ್ಮು ತಾನಾಗಿ ಅಲುಗಿದ್ದನ್ನು ಅವನೂ ಕಂಡಿದ್ದ. ನೆಲ ವಾಲಿದೆ, ಅದಕ್ಕೇ ಉರುಳುತ್ತದೆ ಅಂದುಕೊಂಡು ಮರದ ತುಂಡು ಒಡ್ಡುತ್ತಿದ್ದ. "ಕಣ್ಣು ಮಂಜಾಗಿದೆ ಅಂತ ಮನೆಗೆ ಕಳಿಸ್ತಾರೆ ಅಂತ ಹೇಳ್ಲಿಲ್ಲಮ್ಮ," ಅಂದ. ಇಬ್ಬರೂ ಕೊನೆಯಲ್ಲಿ ಒಂದೇ ಸಮಾಧಾನ ಹೇಳಿದರು: ಹೇಗಿದ್ದರೂ ಹುಡುಗನ ಜೇಬಲ್ಲಿ ಕೀಲಿ ಇರುತ್ತದಲ್ಲ.

ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಚೂರು. ಚಿಕ್ಕಮ್ಮ ಆ ಚೂರುಗಳನ್ನು ಜೋಡಿಸುತ್ತ ನಿಂತಿದ್ದಾಗಲೇ ಮಧ್ಯಾಹ್ನದ ಗಂಟೆ ಹೊಡೆಯಿತು, ನಾನು ಅತ್ತೆಯ ಮುಂದೆ ನಿಂತಿದ್ದೆ.

"ಕೀಲಿ ನನ್ನ ಜೇಬಲ್ಲಿದೆ," ಎಂದು ಕೂಗಿದೆ. ಒಂದು ಕಾಲು ಒಳಗಿಟ್ಟೆ.

"ಇಳಿ."

ಫ್ಯೂಸಣ್ಣ. ಮೇನ್ ಬೋರ್ಡಿನ ಬಳಿಯಿಂದ ಓಡಿ ಬಂದಿರಲಿಲ್ಲ, ನಡೆದೇ ಬಂದಿದ್ದ. ಮುಖ ಮಾತ್ರ ಒಗೆದು ಹಿಂಡಿದ ಬಟ್ಟೆಯಂತಿತ್ತು.

"ಇಳಿಯೋ ಕತ್ತೆ! ಇಳಿ ಅಂದ್ನಲ್ಲ!"

ಇಳಿದೆ. ನನ್ನ ಟೋಪಿ ಒಳಗೆ ಬಿತ್ತು. ಅವನು ಚಿಕ್ಕಮ್ಮನ ಬಲಗಡೆಗೆ ಹೋಗಿ ನಿಂತ. "ನೋಡಿ," ಅಂದ. ಬಾಗಿಲು ಪೂರ್ತಿ ತೆರೆದಿತ್ತು. ಕೀಲಿ ನನ್ನ ಜೇಬಿನಲ್ಲಿತ್ತು, ನನ್ನ ಮುಷ್ಟಿಯೊಳಗಿತ್ತು. ಅವನು ಗುಂಡಿಪೆಟ್ಟಿಗೆಗೆ ಅಂಗೈಯಿಂದ ಒಮ್ಮೆ ತಟ್ಟಿದ.

ಅತ್ತೆ ತಿರುಗಿತು. ಈ ಸಲ ಅರ್ಧ ಸುತ್ತಲ್ಲ. ತಿರುಗುತ್ತಲೇ ಇತ್ತು. ನನ್ನ ಟೋಪಿ ಮೇಲಕ್ಕೆ ಹೋಗಿ, ಕೆಳಗೆ ಬಿದ್ದು, ಮತ್ತೆ ಮೇಲಕ್ಕೆ ಹೋಯಿತು. ಬಾಯ್ಲರ್ ತಾತನ ಮರದ ತುಂಡು ಸಿಡಿದು ಗೋಡೆಗೆ ಬಡಿಯಿತು. ಚಿಕ್ಕಮ್ಮನಿಗೆ ಆ ಸದ್ದು ಕೇಳಿಸಿರಲಿಲ್ಲ. ಅವಳು ಟೋಪಿಯನ್ನೇ ನೋಡುತ್ತಿದ್ದಳು.

ಫ್ಯೂಸಣ್ಣ ಯಂತ್ರ ನಿಲ್ಲಿಸಿದ. "ಬಾಗಿಲಿನ ಸ್ವಿಚ್ಚು ನಡುನಡುವೆ ನಿಲ್ಲಿಸ್ತಿತ್ತು. ಹೇಗಾದ್ರೂ ಓಡಿಸು, ಇಲ್ದಿದ್ರೆ ನಿನಗಿಂತ ಮುಂಚಿನವನ ದಾರಿ ಹಿಡಿ ಅಂದ್ರು ಮ್ಯಾನೇಜರ್. ಆ ಸ್ವಿಚ್ಚು ಬಿಟ್ಟು ತಂತಿ ನೇರ ಜೋಡಿಸಿದೆ. ಬಾಗಿಲೂ ಲೆಕ್ಕಕ್ಕಿಲ್ಲ, ಕೀಲಿನೂ ಲೆಕ್ಕಕ್ಕಿಲ್ಲ. ಗುಂಡಿಯ ಸ್ಪ್ರಿಂಗೂ ಸೋತಿದೆ." ಆಮೇಲೆ ನನ್ನ ಕಡೆ ನೋಡದೆ ಹೇಳಿದ: "ಇವನು ಒಳಗಿರೋ ಹೊತ್ತೆಲ್ಲ ಮೇನ್ ಮೇಲೆ ಕೈ ಇಟ್ಕೊಂಡೇ ನಿಂತಿರ್ತಿದ್ದೆ."

"ನೀನು ರಜ ಹಾಕಿದ ದಿನ?" ಎಂದು ಕೇಳಿದಳು ಚಿಕ್ಕಮ್ಮ.

ನಾನು ಜೇಬಿನಿಂದ ಕೈ ತೆಗೆದೆ. ಅಂಗೈಯಲ್ಲಿ ಕೀಲಿಯ ಹಲ್ಲುಗಳ ಗುರುತು ಮೂಡಿತ್ತು. ಇಷ್ಟು ದಿನ ನಾನು ತಾಯಿತದ ಹಾಗೆ ಹೊತ್ತುಕೊಂಡು ಒಳಗೆ ಹೋಗುತ್ತಿದ್ದದ್ದು ಯಾವ ಬೀಗಕ್ಕೂ ಸೇರದ ಒಂದು ಕಬ್ಬಿಣದ ಚೂರು.

ಚಿಕ್ಕಮ್ಮ ಅತ್ತೆಯ ಮೇಲೆ ಬಿಳಿ ಹಾಸು ಹೊದಿಸಿದಳು, ಯಾರೂ ಮುಟ್ಟಬಾರದೆಂದು. ಅಷ್ಟರಲ್ಲಿ ಮ್ಯಾನೇಜರ್ ಬಂದರು.

"ಯಂತ್ರ ಯಾಕೆ ನಿಂತಿದೆ?"

"ಒಳಗೆ ಹೋದವನ ಜೀವ ತೆಗೆಯತ್ತೆ ಅಂತ ನಿಲ್ಲಿಸಿದೀನಿ. ತಂತಿ ನೇರ ಜೋಡಿಸಿಟ್ಟಿದೆ."

"ಯಾರು ಹೇಳಿದ್ದು?"

ಫ್ಯೂಸಣ್ಣ ನೆಲ ನೋಡುತ್ತಿದ್ದ. ಚಿಕ್ಕಮ್ಮ ನಿಧಾನವಾಗಿ ತಿರುಗಿ, ಎಡಗಿವಿಯನ್ನು ಮ್ಯಾನೇಜರ್ ಕಡೆಗೆ ಮಾಡಿ ನಿಂತಳು. ಕಣ್ಣು ಗೋಡೆಯ ಮೇಲೆ.

"ಏನಂದ್ರಿ?"

"ಯಾರು ಹೇಳಿದ್ದು ಅಂತ ಕೇಳ್ದೆ!"

"ಏನಂದ್ರಿ ಸಾರ್?"

ಅವರು ಹತ್ತಿರ ಬಂದು ಕಿರುಚಿದರು. ಅವಳು ರೆಪ್ಪೆ ಬಡಿಯಲಿಲ್ಲ. ಆ ಕಿರುಚಾಟಕ್ಕೆ ಮಡಿಸುವ ಕೋಣೆಯವರೂ ಬಾಗಿಲಿಗೆ ಬಂದು ನಿಂತರು. ಮ್ಯಾನೇಜರ್ ಮುಖದಲ್ಲಿ ಸಿಟ್ಟು ಹೋಗಿ ಬೇರೇನೋ ಬಂತು. ಸುತ್ತಿ ಅವಳ ಎದುರಿಗೆ ಬಂದು, ಬಾಯಿ ಅಗಲಿಸಿ ಕೇಳಿದರು: "ನಿಮಗೆ ಕಿವಿ ಕೇಳಲ್ವಾ?"

"ಇಲ್ಲ," ಎಂದಳು ಚಿಕ್ಕಮ್ಮ. "ಅದನ್ನ ನಾನೇ ಹೇಳ್ತಿದೀನಿ. ಬರ್ಕೊಳ್ಳಿ. ಉಳಿದಿದ್ದು ಯಾರು ಹೇಳಿದ್ದು ಅಂತ ನನಗೆ ಕೇಳಿಸಿಲ್ಲ, ಕಿವುಡಿಗೆ ಹೇಗೆ ಕೇಳತ್ತೆ? ಯಂತ್ರ ರಿಪೇರಿ ಮಾಡಿಸಿ."

"ಆಯ್ತು," ಅಂದರು ಮ್ಯಾನೇಜರ್, ಹೊರಡುತ್ತ.

"ಆಯ್ತು ಅಂದ್ರೆ?" ಅವಳು ಅವರ ತುಟಿಯನ್ನೇ ನೋಡುತ್ತಿದ್ದಳು. "ಮಾಡಿಸಿದೀರೋ, ಮಾಡಿಸ್ತೀರೋ?"

ಅವರು ಬೆನ್ನು ತಿರುಗಿಸಿದ್ದರು. ಬೆನ್ನಿಗೆ ತುಟಿ ಇರುವುದಿಲ್ಲ.

ಮರುದಿನದಿಂದ ಚಿಕ್ಕಮ್ಮನಿಗೆ ಮಡಿಸುವ ಕೋಣೆ. ಹಳೆಯ ಲಾಂಡ್ರಿಯಲ್ಲಿ ಹುಡುಗಿಯಾಗಿ ಕೆಲಸಕ್ಕೆ ಸೇರಿದಾಗ ನಿಂತಿದ್ದಂಥದೇ ಮೇಜು. ಒಣಕೋಣೆಗೆ ಹೊಸ ಮುಖ್ಯಸ್ಥರನ್ನು ಇನ್ನೂ ಹಾಕಿಲ್ಲ. ಸದ್ಯಕ್ಕೆ ಗುಂಡಿಗಳ ಹತ್ತಿರ ನಿಲ್ಲುವವನು ನಾನೇ, ಒಳಗೆ ಹೋಗಬೇಕಾದವನೂ ನಾನೇ. ಕಂಪನಿಗೆ ಇದರಲ್ಲಿ ಏನೂ ವಿಚಿತ್ರ ಕಂಡಿಲ್ಲ. ಅಜ್ಜ, ಮಾವರ ತಂತಿಗಳನ್ನು ಫ್ಯೂಸಣ್ಣ ನನ್ನ ಕಣ್ಣೆದುರಿಗೇ ಬಿಚ್ಚಿ ತೋರಿಸಿದ. ಅವು ಸರಿ ಇವೆ. ಅತ್ತೆಯ ಮೇಲೆ ಬಿಳಿ ಹಾಸು ಹಾಗೇ ಇದೆ. ರಿಪೇರಿಯವರು ಬಂದಿಲ್ಲ. ಆಸ್ಪತ್ರೆಯ ಬಟ್ಟೆ ಒದ್ದೆಯಾಗಿಯೇ ಗುಡ್ಡೆ ಬೀಳುತ್ತಿದೆ.

ಇವತ್ತು ಮಧ್ಯಾಹ್ನ ಬಂದು ನೋಡಿದರೆ ಯಾರೋ ಹಾಸನ್ನು ತೆಗೆದು ಮಡಿಸಿ ಪಕ್ಕಕ್ಕೆ ಇಟ್ಟಿದ್ದರು. ಅತ್ತೆಯ ಬಾಗಿಲು ತೆರೆದಿತ್ತು. ಮಡಿಕೆ ಸೊಟ್ಟಗಿತ್ತು, ಮಡಿಸಿದ್ದು ನಮ್ಮವರು ಯಾರೂ ಅಲ್ಲ.

ಮೇಲಿನ ಸ್ಪೀಕರ್ ಕರಕರ ಎಂದಿತು. ಆಫೀಸಿನಿಂದ ಮ್ಯಾನೇಜರ್ ದನಿ: "ಮೂರನೇ ಡ್ರಮ್ ಕ್ಲೀನ್ ಆಯ್ತಾ?"

ನಾನು ಕೈ ಕಟ್ಟಿದೆ. ಇಸ್ತ್ರಿಯವಳು ಟ್ರಾಲಿಯನ್ನು ದೂರದಲ್ಲೇ ಬಿಟ್ಟು ಬಂದು ನನ್ನ ಪಕ್ಕ ನಿಂತು ಕೈ ಕಟ್ಟಿದಳು. ಬಾಯ್ಲರ್ ತಾತ ಬಂದ. ಫ್ಯೂಸಣ್ಣ ಮೇನ್ ಬೋರ್ಡ್ ಬಿಟ್ಟು ಬಂದ. ಮಡಿಸುವ ಕೋಣೆಯ ಬಾಗಿಲಲ್ಲಿ ಚಿಕ್ಕಮ್ಮ ನಿಂತಿದ್ದಳು. ಸ್ಪೀಕರಿನ ಮಾತು ಅವಳಿಗೆ ಕೇಳಿಸಿರಲಿಲ್ಲ. ಅವಳು ನಮ್ಮ ಕಾಲುಗಳನ್ನು ನೋಡುತ್ತಿದ್ದಳು.

"ಆಯ್ತಾ?" ಎಂದಿತು ಸ್ಪೀಕರ್ ಮತ್ತೆ.

ತೆರೆದ ಬಾಗಿಲಿನೊಳಗೆ ಲೋಹ ಟಿಕ್ ಎಂದಿತು. ಒಬ್ಬರೂ ಆಯ್ತು ಅನ್ನಲಿಲ್ಲ. ಒಬ್ಬರ ಕಾಲೂ ಅಲುಗಲಿಲ್ಲ.